ಕಡಲು ದಾಟಿದ ಎರಡು ಡಬ್ಬಿ ಮಣ್ಣು

ಉಮರ್ಗಾ

ಪರದೇಶಕ್ಕೆ ಹೊರಟವರು ಉಪ್ಪಿನಕಾಯಿ ಒಯ್ಯುತ್ತಾರೆ, ಶೇಂಗಾ ಚಟ್ನಿ ಒಯ್ಯುತ್ತಾರೆ. ನಾನು ಮಣ್ಣು ಒಯ್ದೆ. ಸೀಮೆಎಣ್ಣೆಯ ಎರಡು ಹಳೆಯ ತಗಡಿನ ಡಬ್ಬಿ, ಬಾಯಿಗೆ ತಗಡು ಮುಚ್ಚಿ ಬೆಸುಗೆ ಹಾಕಿದವು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಉಮರ್ಗಾ ಬಸ್ ಸ್ಟ್ಯಾಂಡಿನಲ್ಲಿ ಅವನ್ನು ಸೊಲ್ಲಾಪುರದ ಬಸ್ಸಿನ ನೆತ್ತಿಗೆ ಏರಿಸುವಾಗ ಕಂಡಕ್ಟರ್ ಬೆವರು ಒರೆಸಿಕೊಂಡ.

"ಇಷ್ಟು ವಜ್ಜ! ಏನದ್ರೀ ಒಳಗ, ತುಪ್ಪಾ?"

"ಮಣ್ಣು."

"ಮಣ್ಣಾ? ಅರೆ ಬಾಪ್ ರೇ! ಆ ಕಡಿ ಮಂದಿಗಿ ಮಣ್ಣು ಸೈತ ಸಿಗವಲ್ದೇನು?"

ಸ್ಟ್ಯಾಂಡಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಅಂದು ನಾನೂ ನಕ್ಕೆ. ಇಂಗ್ಲೆಂಡಿಗೆ ಹೊರಟವನು ಕಂಡಕ್ಟರನೊಡನೆ ಜಗಳ ತೆಗೆದರೆ ಚೆನ್ನಾಗಿರುವುದಿಲ್ಲ.

ವಿಷಯ ಇಷ್ಟೆ. ಪೊಲೀಸ್ ಆ್ಯಕ್ಷನ್ ಮುಗಿದು ಕೆಲವು ವರ್ಷವಾಗಿತ್ತು. ನಾನು ಹೈದರಾಬಾದ್ ರಾಜ್ಯದ ರಸ್ತೆ ಖಾತೆಯಲ್ಲಿ ಎಂಜಿನಿಯರ್. ನಮ್ಮ ಸೀಮೆಯ ಎರೆಮಣ್ಣು ರಸ್ತೆಯ ಶತ್ರು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಅಂಬಲಿಯಾಗುತ್ತದೆ. ಮೇಲೆ ಎಷ್ಟು ಕಲ್ಲು ಹಾಕಿದರೂ ಎರಡು ಮಳೆಗೆ ನುಂಗಿಬಿಡುತ್ತದೆ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಆ ಹೊತ್ತಿಗೆ ಹೊಸ ಸಂಶೋಧನೆ ನಡೆದಿತ್ತು. ಮಣ್ಣಿಗೇ ಒಂದಿಷ್ಟು ಸಿಮೆಂಟನ್ನೋ ಸುಣ್ಣವನ್ನೋ ಬೆರೆಸಿ, ಅದುಮಿ, ಅದನ್ನೇ ರಸ್ತೆಯ ಬುನಾದಿ ಮಾಡುವುದು. ಇದಕ್ಕೆ ನಮ್ಮ ಎರೆಮಣ್ಣು ಒಗ್ಗುತ್ತದೆಯೇ ಎಂದು ನೋಡಿ ಬರಲು ಖಾತೆ ನನ್ನನ್ನು ಆರಿಸಿತು.

ಖಾತೆಗೆ ಬೇಕಾದದ್ದು ಅದು. ನನಗೆ ಬೇಕಾದದ್ದು ಒಂದು ಹಳ್ಳದ ದಾರಿ.

ನನ್ನೂರು ತುರೋರಿ, ಹೆದ್ದಾರಿಯ ಮೇಲೇ ಇದೆ. ಲಾರಿಗಳ ಸದ್ದಿನಲ್ಲೇ ನಾವು ಬೆಳೆದೆವು. ಅಂಥ ಊರಲ್ಲಿ ಹುಟ್ಟಿದ ನನ್ನ ಅಕ್ಕ ನೀಲಮ್ಮನನ್ನು ನಿಲಂಗಾದ ಕಡೆ, ಸಡಕೇ ಇಲ್ಲದ ಒಂದು ಊರಿಗೆ ಕೊಟ್ಟರು. ನಾನು ಎಂಜಿನಿಯರಿಂಗ್ ಓದುವಾಗ ಅಕ್ಕ ಚೇಷ್ಟೆ ಮಾಡುತ್ತಿದ್ದಳು: "ನನಗ ಸೀರಿ ತರಬ್ಯಾಡ ಬಸು. ಆ ಹಳ್ಳದಾಗ ಒಂದು ಸಡಕ ಮಾಡಿ ಕೊಡು. ತವರುಮನಿ ಉಡುಗೊರಿ ಅಂತ ತಿಳಕೋತೀನಿ."

ನಾನು ಕೆಲಸಕ್ಕೆ ಸೇರಿದ ಮರುವರ್ಷ ಮಳೆಗಾಲದಲ್ಲಿ ಅಕ್ಕನಿಗೆ ಹೆರಿಗೆ ನೋವು ಬಂತು, ಕೂಸು ಅಡ್ಡವಾಯಿತು. ದಾಜಿ ಆಕೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಉಮರ್ಗಾದ ದವಾಖಾನೆಗೆ ಹೊರಟ. ಅಕ್ಕನ ಗಂಡನನ್ನು ನಮ್ಮಲ್ಲಿ ದಾಜಿ ಎನ್ನುತ್ತಾರೆ. ಹಳ್ಳದ ದಂಡೆಯಲ್ಲಿ ಗಾಡಿ ಅಚ್ಚಿನವರೆಗೆ ಹೂತುಹೋಯಿತು. ಇನ್ನೊಂದು ಜೋಡಿ ಎತ್ತು ಕಟ್ಟಿದರು, ಊರವರು ಬಂದು ಹಗ್ಗ ಹಾಕಿ ಎಳೆದರು. ಅರ್ಧ ದಿನ ಎಳೆದರು. ಅಕ್ಕ ಗಾಡಿಯಲ್ಲೇ ಹೋದಳು, ಹೊಟ್ಟೆಯೊಳಗಿನ ಕೂಸೂ ಹೋಯಿತು. ಒಣ ದಿನವಾಗಿದ್ದರೆ ಅಲ್ಲಿಂದ ದವಾಖಾನೆಗೆ ನಡೆದುಕೊಂಡೇ ಹೋಗಬಹುದಿತ್ತು. ಆ ಹೊತ್ತಿನಲ್ಲಿ ನಾನು ಹೈದರಾಬಾದಿನ ಕಚೇರಿಯಲ್ಲಿ ಕೂತು ಬೇರೆ ಯಾರದೋ ಊರಿನ ರಸ್ತೆಯ ನಕ್ಷೆ ಬರೆಯುತ್ತಿದ್ದೆ.

ಹೊರಡುವ ಮುಂಚೆ ನಮ್ಮ ಹಿರಿಯ ಅಧಿಕಾರಿ ಒಂದು ಮಾತು ಕೊಟ್ಟಿದ್ದರು. ಪ್ರಯೋಗಕ್ಕಾಗಿ ಒಂದು ಮೈಲಿ ರಸ್ತೆ ಮಾಡುವುದಿದೆ. ನಿಮ್ಮ ಹಳ್ಳದ ಮಣ್ಣು ಒಗ್ಗಿದರೆ ಅದನ್ನು ಅಲ್ಲೇ ಮಾಡೋಣ, ಇಲ್ಲವಾದರೆ ಬೇರೆ ಕಡೆ. ಹಾಗಾಗಿ ಆ ಡಬ್ಬಿಗಳಲ್ಲಿದ್ದದ್ದು ನನ್ನ ಪಾಲಿಗೆ ಬರೀ ಮಣ್ಣಲ್ಲ, ಆ ಒಂದು ಮೈಲಿ.

ಮಣ್ಣು ತೆಗೆಯಲು ನಾನೇ ಹೋಗಬೇಕಿತ್ತು. ಹೋಗಲಿಲ್ಲ. ಪಾಸ್‌ಪೋರ್ಟಿನ ಓಡಾಟ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ಅಕ್ಕ ಹೋದ ಮೇಲೆ ಆ ಹಳ್ಳದ ಕಡೆ ನಾನು ಕಾಲಿಟ್ಟಿರಲಿಲ್ಲ. ದಾಜಿಗೆ ಕಾಗದ ಬರೆದೆ: ಹಳ್ಳದ ದಂಡೆಯಲ್ಲಿ, ಗಾಡಿದಾರಿಯ ಅಡಿಯಲ್ಲೇ, ಎರಡು ಮೊಳ ಆಳಕ್ಕೆ ಅಗೆದು ತೆಗೆಯಿರಿ, ಎರಡು ಡಬ್ಬಿ ತುಂಬಿ ಬೆಸುಗೆ ಹಾಕಿಸಿ ತನ್ನಿ.

ದಾಜಿ ತಂದ. ಬಿಳಿ ರುಮಾಲು ಸುತ್ತಿ, ಒಗೆದ ಅಂಗಿ ತೊಟ್ಟು, ಮದುವೆಗೆ ಬಂದವನಂತೆ ನಿಂತಿದ್ದ.

"ನೆಟ್ಟಗ ತುಂಬೀರಿ ದಾಜಿ?"

"ನಾನೇ ಅಗದೀನಿ, ನಾನೇ ತುಂಬೀನಿ. ಯಾರ ಕೈ ಸೈತ ಹಚ್ಚಗೊಟ್ಟಿಲ್ಲ. ಹುಡುಕಿದ್ರ ಒಂದು ಹರಳು ಸಿಗಂಗಿಲ್ಲ ನೋಡು. ಆ ಸಾಹೇಬ್ರ ಮುಂದ ನಿನ್ನ ತಲಿ ಬಾಗಬಾರ್ದು."

ಹಳ್ಳದ ಹೆಸರು ಅವನ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. ಕಂಡಕ್ಟರ್ ಗಂಟೆ ಹೊಡೆದ.

ಮುಂಬೈ ಬಂದರು

ಹಡಗುಕಟ್ಟೆಯ ತಪಾಸಣೆ ಅಧಿಕಾರಿಗೆ ಮಣ್ಣಿನ ಮಾತಿನಲ್ಲಿ ನಂಬಿಕೆ ಹುಟ್ಟಲಿಲ್ಲ. ವಿಶ್ವವಿದ್ಯಾಲಯದ ಪತ್ರ ತೋರಿಸಿದೆ, ಖಾತೆಯ ಪತ್ರ ತೋರಿಸಿದೆ. ಆತ ಎರಡನ್ನೂ ಓದಿ, ನನ್ನ ಹಣೆಯ ವಿಭೂತಿ ನೋಡಿ, "ಎಲ್ಲ ಸರಿ, ಒಳಗೇನಿದೆ ಅದನ್ನು ಹೇಳಿ" ಎಂದ. ಕೊನೆಗೆ ಒಂದು ದಪ್ಪ ಮೊಳೆ ತರಿಸಿ ಡಬ್ಬಿಗೆ ತೂತು ಹೊಡೆಸಿದ. ಬಂಗಾರ ಬರಲಿಲ್ಲ. ಒಂದು ಚಿಟಿಕೆ ಕರಿಮಣ್ಣು ಬಂತು. ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿ, "ಇದಕ್ಕಾಗಿ ಅಷ್ಟು ದೂರವೇ?" ಎಂದು ಕೈ ಝಾಡಿಸಿದ. ತೂತಿಗೆ ಮೇಣ ಒತ್ತಿ ಮುಚ್ಚಿದೆ.

ಹಡಗಿನ ಬಗ್ಗೆ ಹೆಚ್ಚು ಹೇಳಲಾರೆ. ಅದರ ಬಹುಪಾಲು ನಾನು ಮಂಚದ ಅಂಚಿಗೆ ತಲೆ ಚಾಚಿ ಕಳೆದೆ. ಜೊತೆಯ ಪ್ರಯಾಣಿಕರು ಎಲ್ಲಿಗೆ, ಏಕೆ ಎಂದು ವಿಚಾರಿಸುವರು. ಒಬ್ಬ ಡಾಕ್ಟರಿಕೆ ಓದಲು, ಒಬ್ಬ ಬ್ಯಾರಿಸ್ಟರಿಕೆಗೆ. ನಾನು "ಕೆಸರಿನ ವಿದ್ಯೆಗೆ" ಎನ್ನುತ್ತಿದ್ದೆ. ಸುಯೆಜ್ ಕಾಲುವೆಯಲ್ಲಿ ಎಲ್ಲರೂ ಹಡಗಿನ ಡೆಕ್ಕಿಗೆ ಹೋಗಿ ಒಂಟೆ ನೋಡಿದರು. ನಾನು ದಂಡೆಯ ಮೇಲಿನ ರಸ್ತೆ ನೋಡಿದೆ. ಆ ಮರಳಿನಲ್ಲೂ ರಸ್ತೆ ಇತ್ತು, ನೆಟ್ಟಗೆ, ಕಪ್ಪಗೆ. ಅದರ ಮೇಲೆ ಒಂದು ಆಂಬುಲೆನ್ಸ್ ಹೋಗುತ್ತಿತ್ತು. ನೋಡಲಾಗದೆ ಕೆಳಗಿಳಿದು ಮಲಗಿದೆ.

ಮಳೆಯ ಊರು

ವಿಶ್ವವಿದ್ಯಾಲಯವಿದ್ದದ್ದು ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ. ಹೊಗೆಯ ಊರು, ಮಳೆಯ ಊರು. ನಮ್ಮಲ್ಲಿ ಮಳೆಗೆ ಒಂದು ಮರ್ಯಾದೆ ಇದೆ: ಬರುತ್ತೇನೆ ಎಂದು ಗುಡುಗಿ ಬರುತ್ತದೆ, ಬಂದ ಮೇಲೆ ಹೊಡೆಯುತ್ತದೆ, ಆಮೇಲೆ ಹೋಗುತ್ತದೆ. ಅಲ್ಲಿನ ಮಳೆ ಬೇಡದ ನೆಂಟ. ಬೆಳಗ್ಗೆ ಬಂದು ಬಾಗಿಲಲ್ಲಿ ಕೂತರೆ ಸಂಜೆಯಾದರೂ ಏಳುವುದಿಲ್ಲ.

ಮೊದಲ ದಿನ ನಾನು ಧೋತರ ಎತ್ತಿ ಕಟ್ಟುವ ಅಭ್ಯಾಸದಲ್ಲಿ ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು ಮನೆಯಿಂದ ಇಳಿದೆ. ಮನೆಯೊಡತಿ ಕಿಟಕಿಯಿಂದ ನೋಡಿ ಓಡಿ ಬಂದರು. "ಬೂಟು ಕಚ್ಚುತ್ತಿದೆಯೇ?" ಎಂದು ಕೇಳಿದರು. ಕೆಸರಿಗೆ ಎಂದೆ. "ಯಾವ ಕೆಸರು?" ಎಂದರು. ನಿಜ, ಯಾವ ಕೆಸರು? ಮೂರು ದಿನದಿಂದ ಮಳೆ ಬಿದ್ದಿತ್ತು. ರಸ್ತೆ ತೊಳೆದ ಹಲಗೆಯಂತಿತ್ತು. ಒಬ್ಬರ ಬೂಟಿಗೂ ಮಣ್ಣಿರಲಿಲ್ಲ.

ಎರಡನೆಯ ವಾರ ಒಂದು ಕಡೆ ನಲ್ಲಿಯ ಕೊಳವೆಗಾಗಿ ರಸ್ತೆ ಅಗೆದಿದ್ದರು. ನನಗೆ ತಡೆಯಲಾಗಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪದರ ಪದರವಾಗಿ ನೋಡತೊಡಗಿದೆ. ಮೇಲೆ ಡಾಂಬರು, ಕೆಳಗೆ ಜಲ್ಲಿ, ಅದರ ಕೆಳಗೆ ದಪ್ಪ ಕಲ್ಲು. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಮುದುಕಿ ಕೊಡೆ ಹಿಡಿದು ನನ್ನ ತಲೆಯ ಮೇಲೆ ಬಾಗಿದರು. ಅಲ್ಲಿ ಯಾರೂ ರಸ್ತೆಯಲ್ಲಿ ಕುಕ್ಕರಿಸುವುದಿಲ್ಲ, ಕುಕ್ಕರಿಸಿದವನಿಗೆ ಜೀವಕ್ಕೆ ಸರಿಯಿಲ್ಲ ಎಂದೇ ಅರ್ಥ. ಆಕೆ ಪೊಲೀಸಿನವನನ್ನು ಕರೆದರು, ಅವನು ನನ್ನ ತೋಳು ಹಿಡಿದು ನಿಧಾನವಾಗಿ ಎಬ್ಬಿಸಿದ. ರಸ್ತೆ ನೋಡುತ್ತಿದ್ದೇನೆ ಎಂದರೆ ಇಬ್ಬರೂ ಇನ್ನಷ್ಟು ಕರುಣೆಯಿಂದ ನೋಡಿದರು.

ಇನ್ನೊಂದು ದಿನದ್ದು ನಗುವ ಮಾತಲ್ಲ. ಧೋ ಎಂದು ಮಳೆ. ನಾನು ಬಸ್ಸಿನಲ್ಲಿದ್ದೆ. ಒಬ್ಬಳು ತುಂಬು ಬಸುರಿ ಹತ್ತಿದಳು. ಕೈಯಲ್ಲಿ ಸಣ್ಣ ಪೆಟ್ಟಿಗೆ. ಕಂಡಕ್ಟರ್ ಹೆಂಗಸು, "ಇಂದೇ ಏನಮ್ಮ?" ಎಂದು ಕೇಳಿದಳು. ಬಸುರಿ ನಕ್ಕು ತಲೆಯಾಡಿಸಿದಳು. ಚೀಲದಿಂದ ಉಣ್ಣೆ ತೆಗೆದು ಹೆಣೆಯುತ್ತ ಕೂತಳು. ನಾಲ್ಕು ಸ್ಟಾಪು ದಾಟಿತು, ಆಸ್ಪತ್ರೆ ಬಂತು, ಇಳಿದು ಕೊಡೆ ಬಿಚ್ಚಿ ನಡೆದುಹೋದಳು. ಅಷ್ಟೇ. ಅದಕ್ಕೆ ನಾಲ್ಕು ಎತ್ತು ಬೇಕಾಗಲಿಲ್ಲ, ಹಗ್ಗ ಬೇಕಾಗಲಿಲ್ಲ. ನನಗೆ ಅಳು ಬಂತು. ಮುಖ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಕಂಡಕ್ಟರ್ ಹೆಂಗಸು ಬಳಿ ಬಂದು, ಏನೂ ಕೇಳದೆ, ಭುಜ ತಟ್ಟಿ ಹೋದಳು. ಇದೇ ನಮ್ಮ ಬಸ್ಸಾಗಿದ್ದರೆ ಇಡೀ ಬಸ್ಸು ನನ್ನ ಕಥೆ ಕೇಳಿ ಮುಗಿಸಿ, ತನ್ನ ಕಥೆಯನ್ನೂ ಹೇಳಿರುತ್ತಿತ್ತು. ಆ ಜನ ಕೇಳುವುದಿಲ್ಲ. ಅದು ಅವರ ಸೌಜನ್ಯ. ಆ ಸೌಜನ್ಯದಿಂದಲೇ ನನಗೆ ಪೆಟ್ಟು ಬಿತ್ತು ಎಂಬುದು ಆಮೇಲೆ ತಿಳಿಯಿತು.

ಪ್ರಯೋಗಶಾಲೆ

ಪ್ರಯೋಗಶಾಲೆಯಲ್ಲಿ ನನ್ನ ಜೊತೆಗಿದ್ದವರು ಟಾಮ್ ಎಂಬ ಹಿರಿಯ ಸಹಾಯಕರು. ಬಿಳಿ ಮೀಸೆ, ಬೂದು ನಿಲುವಂಗಿ, ನಾಲ್ಕು ಗಂಟೆಗೆ ಚಹಾ. ಭೂಮಿ ಬಾಯಿಬಿಟ್ಟರೂ ನಾಲ್ಕು ಗಂಟೆಗೆ ಚಹಾ. ಮೊದಲ ದಿನ ಅವರು ನನ್ನನ್ನು ನೋಡಿ, "ಹಣೆಗೆ ಸಿಮೆಂಟು ತಾಗಿದೆ ನೋಡಿ" ಎಂದು ತಮ್ಮ ಕರವಸ್ತ್ರದಿಂದ ಒರೆಸಿಯೇಬಿಟ್ಟರು. ನಾನು ದಂಗಾದೆ. ಬೆಳಗಿನ ಲಿಂಗಪೂಜೆಯ ವಿಭೂತಿ ಅದು! ಹೇಳಿದ ಮೇಲೆ ಪಾಪ, ಮುಖ ಕೆಂಪಾಗಿ, ದಿನವಿಡೀ ಕ್ಷಮೆ ಕೇಳಿದರು. ಮರುದಿನದಿಂದ ನಿಜವಾಗಿಯೇ ಸಿಮೆಂಟು ತಾಗಿದರೂ ಹೇಳುವುದನ್ನು ಬಿಟ್ಟರು.

ಡಬ್ಬಿಯ ಬೆಸುಗೆ ಬಿಡಿಸಿದವರೂ ಅವರೇ. ಮುಚ್ಚಳ ಏಳುತ್ತಲೇ ವಾಸನೆ ಬಂತು. ಅಬ್ಬಾ, ಆ ವಾಸನೆ! ಮೊದಲ ಮಳೆ ಬಿದ್ದ ಹಿತ್ತಲಿನ ವಾಸನೆ, ದನದ ಕೊಟ್ಟಿಗೆ, ಮೆಂತ್ಯದ ಮಡಿ, ನೀರು ಹಾಯಿಸಿದ ಸಂಜೆ, ಸೆರಗು ಸಿಕ್ಕಿಸಿಕೊಂಡು ಬಗ್ಗಿದ ಅಕ್ಕ. ನಾನು ಎರಡೂ ಕೈ ಮಣ್ಣಿನೊಳಗೆ ಹಾಕಿ ನಿಂತುಬಿಟ್ಟೆ. ಟಾಮ್ ಕಿಟಕಿಯ ಕಡೆ ತಿರುಗಿ ನಿಂತರು. ಮೆತ್ತನೆಯ ಮಣ್ಣು, ಹರಳಿಲ್ಲ, ಗಂಟಿಲ್ಲ. ಬೆರಳಿನ ಸಂದಿಯಿಂದ ಇಳಿಯುತ್ತಿತ್ತು.

ಕೆಲಸ ಹೀಗೆ: ಮಣ್ಣಿಗೆ ಅಳತೆಯ ಸಿಮೆಂಟು ಸೇರಿಸಿ, ನೀರು ಕೂಡಿಸಿ, ಅಚ್ಚಿನಲ್ಲಿ ಬಡಿದು ಮುಷ್ಟಿಗಾತ್ರದ ದಿಂಡು ಮಾಡುವುದು. ಒದ್ದೆಯಲ್ಲಿ ಏಳು ದಿನ ಇಟ್ಟು, ಆಮೇಲೆ ನೀರಿನಲ್ಲಿ ಮುಳುಗಿಸುವುದು. ದಿಂಡು ಗಟ್ಟಿ ನಿಂತರೆ ಮಣ್ಣು ಒಗ್ಗಿತು. ಕರಗಿದರೆ ಇಲ್ಲ. ಬೇರೆ ಬೇರೆ ದೇಶದವರು ತಂದ ಮಣ್ಣಿನ ದಿಂಡುಗಳು ಸಾಲಾಗಿ ನೀರಿನಲ್ಲಿ ಕೂತಿದ್ದವು, ಕಲ್ಲಿನಂತೆ.

ನನ್ನದು ಕರಗಿತು. ನೀರಿಗೆ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ತೊಟ್ಟಿಯ ತಳದಲ್ಲಿ ಕರಿ ಗಂಜಿಯಾಗಿ ಕೂತಿತ್ತು. ಸಿಮೆಂಟು ಹೆಚ್ಚಿಸಿದೆ. ಕರಗಿತು. ಸುಣ್ಣ ಹಾಕಿದೆ, ಅದೂ ಕರಗಿತು. ಎರಡೂ ಸೇರಿಸಿ ನೋಡಿದೆ. ಚಳಿಗಾಲ ಕಳೆದು ಬೇಸಿಗೆ ಬಂತು, ನಾನು ದಿಂಡು ಮಾಡುತ್ತಲೇ ಇದ್ದೆ, ಅವು ಕರಗುತ್ತಲೇ ಇದ್ದವು. ಪ್ರತಿ ದಿಂಡನ್ನು ನೀರಿಗಿಡುವಾಗಲೂ ಮನಸ್ಸಿನಲ್ಲೇ "ಹಿಡಿ ಅಕ್ಕಾ, ಹಿಡಿ" ಎನ್ನುತ್ತಿದ್ದೆ. ಎಂಜಿನಿಯರ್ ಹೀಗೆ ಹೇಳಿದ ಎಂದು ನಗಬೇಡಿ.

ಒಂದು ಮಧ್ಯಾಹ್ನ ಪ್ರೊಫೆಸರು ಬಂದರು. ಎತ್ತರದ ಮೆಲುಮಾತಿನ ಮನುಷ್ಯ. ಒಂದು ಚಿಟಿಕೆ ಮಣ್ಣು ಎತ್ತಿ ಮೂಸಿ, "ಇದು ರಸ್ತೆಯಡಿಯ ಮಣ್ಣೇ ಅಲ್ಲವೇ? ಗೊಬ್ಬರದ ಅಂಶವಿದ್ದರೆ ಸಿಮೆಂಟು ಹಿಡಿಯುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡೋಣವೇ?" ಎಂದರು.

ನನಗೆ ಸರ್ರನೆ ಸಿಟ್ಟು ಏರಿತು. ದಾಜಿ ಅಕ್ಕನನ್ನು ಕಳೆದುಕೊಂಡ ಜಾಗವನ್ನು ಅಗೆದು ತಂದ ಮಣ್ಣು. ಇವರು ಅದನ್ನು ಅನುಮಾನಿಸುವುದೇ? "ನನ್ನ ಅಕ್ಕನ ಗಂಡ ತನ್ನ ಕೈಯಾರೆ ಅಗೆದದ್ದು. ಪರೀಕ್ಷೆಯ ಅಗತ್ಯವಿಲ್ಲ" ಎಂದೆ. ದನಿ ಏರಿತ್ತೆಂದು ತೋರುತ್ತದೆ. ಟಾಮ್ ತಲೆ ತಗ್ಗಿಸಿದರು.

"ಓ, ಹಾಗೋ," ಎಂದರು ಪ್ರೊಫೆಸರು. "ಕ್ಷಮಿಸಿ." ಮತ್ತೆ ಎಂದೂ ಕೇಳಲಿಲ್ಲ.

ನಮ್ಮೂರಾಗಿದ್ದರೆ ಯಾವನಾದರೂ, "ಏ ಹುಚ್ಚ, ಕೇಳಿದ್ರ ಏನು ಹೋಗ್ತದ? ಮಾಡಿ ನೋಡು" ಎಂದು ಗದರಿಸಿ ಮಾಡಿಸಿರುತ್ತಿದ್ದ. ಅಲ್ಲಿ ಒಂದು "ಓ, ಹಾಗೋ" ಎಂದರೆ ಬಾಗಿಲು ಮುಚ್ಚಿದಂತೆ. ಮುಚ್ಚಿದವನು ನಾನೇ.

ಬೇಸಿಗೆಯ ಮೊದಲಲ್ಲೇ ಟಾಮ್ ಒಂದು ಬಕೆಟ್ ಮಣ್ಣು ಕೇಳಿ ಒಯ್ದರು, ಮನೆಯ ಹಿಂದಿನ ತಮ್ಮ ತೋಟಕ್ಕೆ. ಎರಡು ಮೂರು ತಿಂಗಳ ಮೇಲೆ ಒಂದು ಕಾಗದದ ಪೊಟ್ಟಣ ತುಂಬ ಅವರೆಕಾಯಿ ತಂದು ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಮಣ್ಣಿನದು. ಇಷ್ಟು ಒಳ್ಳೆಯ ಮಣ್ಣಿನ ಮೇಲೆ ಯಾಕೆ ಮಾರಾಯರೇ ರಸ್ತೆ ಹಾಕುತ್ತೀರಿ?" ಎಂದರು. ನಕ್ಕೆ. ಬೇಯಿಸಿ ತಿಂದೆ. ಚೆನ್ನಾಗಿದ್ದವು.

ಆ ವಾರವೇ ವರದಿ ಬರೆದು ಖಾತೆಗೆ ಕಳಿಸಿದೆ. ಕೊನೆಗೆ ಬರೆದದ್ದು ಇಷ್ಟು: ಈ ಮಣ್ಣು ಸಿಮೆಂಟಿಗಾಗಲಿ ಸುಣ್ಣಕ್ಕಾಗಲಿ ಒಗ್ಗುವುದಿಲ್ಲ. ಇಲ್ಲಿ ಪ್ರಯೋಗದ ರಸ್ತೆ ಮಾಡುವುದು ಸೂಕ್ತವಲ್ಲ. ಕೆಳಗೆ ನನ್ನ ಸಹಿ.

ಮರಳಿ ಉಮರ್ಗಾ

ಹೋಗುವಾಗ ನಾನು ಹೈದರಾಬಾದ್ ರಾಜ್ಯದವನು. ಬರುವಾಗ ಆ ರಾಜ್ಯವೇ ಇರಲಿಲ್ಲ. ಊರು ಕದಲಿರಲಿಲ್ಲ, ನಾವು ಮಾತ್ರ ಮುಂಬೈ ರಾಜ್ಯಕ್ಕೆ ಸೇರಿದ್ದೆವು. ನಿಲಂಗಾ, ಉದಗೀರ ಬೀದರ ಜಿಲ್ಲೆಯಿಂದ ಬೇರೆಯಾಗಿದ್ದವು. ಖಾತೆಯ ಕಾಗದಗಳು ಗಂಟು ಕಟ್ಟಿಸಿಕೊಂಡು ಹೊಸ ಕಚೇರಿಗೆ ಹೋಗಿದ್ದವು. ನನ್ನ ವರದಿ ಮಾತ್ರ ದಾರಿ ತಪ್ಪದೆ ತಲುಪಿತ್ತು. ಪ್ರಯೋಗದ ಮೈಲಿ ಬೇರೆ ಜಿಲ್ಲೆಗೆ ಹೋಯಿತು ಎಂದು ಮುಂಬೈಯಲ್ಲೇ ತಿಳಿಯಿತು.

ದಾಜಿ ಉಮರ್ಗಾ ಸ್ಟ್ಯಾಂಡಿಗೆ ಗಾಡಿ ತಂದಿದ್ದ. ಅದೇ ಬಿಳಿ ರುಮಾಲು.

"ಬಿಳಚಿಕೊಂಡೀಯಲ್ಲೋ! ಅಲ್ಲಿ ಬಿಸಲೇ ಬೀಳಂಗಿಲ್ಲೇನು?"

"ಬೀಳ್ತದ್ರಿ ದಾಜಿ, ರಜಾ ದಿನ."

ಸುಗ್ಗಿಯ ಕಾಲ, ದಾರಿ ಒಣಗಿತ್ತು. ಹಳ್ಳ ಬಂತು. ನಾನು ಕಣ್ಣು ಮುಚ್ಚಿದೆ. ಗಾಡಿ ನಿಂತಿತು. ಕಣ್ಣು ತೆರೆದರೆ ದಾಜಿ ಕೆಳಗಿಳಿದು, ಕೆರ ಕೈಯಲ್ಲಿ ಹಿಡಿದು, ಎತ್ತಿನ ಮುಂದೆ ನಡೆಯುತ್ತಿದ್ದ. ಅಕ್ಕ ಹೋದ ಮೇಲೆ ಆ ಇಪ್ಪತ್ತು ಹೆಜ್ಜೆಯನ್ನು ಅವನು ಗಾಡಿಯಲ್ಲಿ ಕೂತು ದಾಟಿಲ್ಲವಂತೆ. ನಾನೂ ಇಳಿದು ನಡೆದೆ. ಆಚೆ ದಂಡೆಗೆ ಹೋಗಿ ಕೆರ ಮೆಟ್ಟುತ್ತ ದಾಜಿ ಕೇಳಿದ: "ಕೆಲಸ ಯಾವಾಗ ಚಾಲೂ ಮಾಡ್ತಾರ ಬಸು?"

"ಮನಿಗಿ ಹೋಗಿ ಹೇಳ್ತೀನ್ರಿ" ಎಂದೆ.

ಮನೆಗೆ ಹೋದವನು ಕೈಕಾಲು ತೊಳೆಯುವ ಮೊದಲೇ ದಾಜಿ ನನ್ನನ್ನು ಬಾವಿಯ ಕಡೆ ಕರೆದೊಯ್ದ. ಅಲ್ಲಿ ಅಕ್ಕನ ಕಾಯಿಪಲ್ಲೆಯ ತುಂಡುನೆಲವಿತ್ತು. ಮೆಂತ್ಯ, ಬದನೆ, ಅವರೆ. ಮದುವೆಯಾಗಿ ಬಂದಂದಿನಿಂದ ಹೋಗುವವರೆಗೂ ಪ್ರತಿ ವರ್ಷ ತಿಪ್ಪೆಯ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ಹಾಕಿ ಆಕೆ ಮಾಡಿದ ನೆಲ. ಅದರ ನಡುವೆ ಮೊಳಕಾಲು ಆಳದ ಒಂದು ಗುಂಡಿ.

"ನೋಡು, ಇಲ್ಲಿಂದೇ ತಗದಿದ್ದು," ಎಂದ ದಾಜಿ. ಮುಖ ಅರಳಿತ್ತು. "ಇನ್ನಾ ತುಂಬಿಲ್ಲ. ನೀ ಬಂದು ನೋಡ್ಲಿ ಅಂತ ಹಂಗೇ ಬಿಟ್ಟೀನಿ."

"ಇಲ್ಲಿಂದ?"

"ಮತ್ತ! ನೀ ಬರದಂಗ ಹಳ್ಳಕ್ಕ ಹೋಗಿದ್ದೆ, ಹಾರಿ ತಗೊಂಡು. ಅಗಿಲಿಕ್ಕ ಕೈ ಬರಲಿಲ್ಲೋ ಬಸು. ಮತ್ತ ವಿಚಾರ ಮಾಡ್ದೆ. ಕಡಲ ದಾಟಿ ಹೋಗೋ ಮಣ್ಣು, ದೊಡ್ಡ ದೊಡ್ಡ ಸಾಹೇಬ್ರು ನೋಡ್ತಾರ. ಆ ಹಲ್ಕಟ್ ಮಣ್ಣ ಕಳಸಿ ನಮ್ಮ ಸೀಮಿ ಮಾನ ಕಳೀಬೇಕೇನು? ನಿಮ್ಮಕ್ಕನ ಕೈಯಾಗ ಹದ ಆದ ಮಣ್ಣಿಗಿಂತ ಛಲೋ ಮಣ್ಣು ಎಲ್ಲ್ಯದ? ಜೋಳದ ಜರಡಿಲೇ ಸೋಸಿ, ಹರಳು ಒಂದೊಂದೇ ಆರಸಿ ತಗದು ತುಂಬಿದೆ. ಎಂಟು ದಿನ ಹಿಡೀತು."

ಬಾವಿಯ ಕಟ್ಟೆಗೆ ಕೂತೆ. ಸಂಗತಿಯೆಲ್ಲ ಒಂದೇ ಸಲಕ್ಕೆ ನನ್ನ ಮೇಲೆ ಬಿತ್ತು. ಗೊಬ್ಬರದ ಮಣ್ಣಿಗೆ ಸಿಮೆಂಟು ಹಿಡಿಯುವುದಿಲ್ಲ ಎಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಹರಳಿಲ್ಲದ ಗಾಡಿದಾರಿ ಎಲ್ಲಿದೆ? ಎರಡು ಮೊಳ ಆಳದ ಮಣ್ಣು ಕೊಟ್ಟಿಗೆಯ ವಾಸನೆ ಹೇಗೆ ಬೀರುತ್ತದೆ? ಡಬ್ಬಿ ತೆರೆದ ಮೊದಲ ದಿನವೇ ನನ್ನ ಮೂಗಿಗೆ ಇದು ತಿಳಿದಿತ್ತು. ಅಳುತ್ತ ನಿಂತೆನೇ ಹೊರತು, ಏಕೆ ಈ ವಾಸನೆ ಎಂದು ನಾನು ಕೇಳಿಕೊಳ್ಳಲಿಲ್ಲ. ಪ್ರೊಫೆಸರು ಕೇಳಿದಾಗ ಅವರ ಬಾಯಿ ಮುಚ್ಚಿಸಿದೆ. ಟಾಮ್ ಅವರೆಕಾಯಿ ತಂದು ಮುಂದಿಟ್ಟರು, ತಿಂದು ಮುಗಿಸಿದೆ. ಅಕ್ಕ ತನ್ನ ಕೈಯಿಂದ ಅಷ್ಟು ಚೆಂದ ಮಾಡಿದ ನೆಲವೇ ಅವಳ ಸಡಕಿಗೆ ಅಡ್ಡ ಬಂತು, ಶಿವನೇ.

"ಸಾಹೇಬ್ರು ಏನಂದ್ರೋ?" ದಾಜಿ ಕೇಳಿದ. "ಮಣ್ಣ ನೋಡಿ?"

ಅವನ ಕಣ್ಣು ನೋಡಿದೆ. ಎಂಟು ದಿನ ಹರಳು ಆರಿಸಿದ ಕಣ್ಣು.

"ಇಷ್ಟು ಛಲೋ ಮಣ್ಣು ನೋಡೇ ಇಲ್ಲ ಅಂದ್ರು ದಾಜಿ. ಅವರೀಕಾಯಿ ಬೆಳದಿದ್ರು ಅದರಾಗ."

ದಾಜಿ ರುಮಾಲು ತೆಗೆದು ಮುಖ ಒರೆಸಿಕೊಂಡ. "ಕೇಳಿದ್ಯಾ ನೀಲಾ," ಎಂದು ಆ ಗುಂಡಿಗೆ ಹೇಳಿದ. ಆಮೇಲೆ ನಾನು ಉಳಿದದ್ದನ್ನು ಹೇಳಿದೆ. ಸಡಕ ಆಗುವುದಿಲ್ಲ, ಬೇರೆ ಕಡೆ ಹೋಯಿತು, ನನ್ನಿಂದ ತಪ್ಪಾಯಿತು ಎಂದೆ.

"ನಿಂದೇನು ತಪ್ಪು?" ಎಂದ ದಾಜಿ. "ಆ ಹಳ್ಳದ ಮಣ್ಣೇ ಹಂಗದ. ದರಿದ್ರದ್ದು. ಯಾರಿಗೂ ದಕ್ಕಂಗಿಲ್ಲ."

ಹಳ್ಳ

ಮರುದಿನ ಬೆಳಗ್ಗೆ ಹಾರೆ ತೆಗೆದುಕೊಂಡು ನಾನೊಬ್ಬನೇ ಹಳ್ಳಕ್ಕೆ ಹೋದೆ. ಕಡಲು ದಾಟುವ ಮೊದಲು ಮಾಡಬೇಕಿದ್ದ ಕೆಲಸ. ದಂಡೆಯಲ್ಲಿ ಗಾಡಿಗಳ ಹಳೆಯ ಜಾಡು ಒಣಗಿ ಬಿರುಕು ಬಿಟ್ಟಿತ್ತು. ಯಾವ ಜಾಡು ಆ ದಿನದ್ದು ಎಂದು ಯಾರು ಹೇಳಬಲ್ಲರು? ಕೂತು ಅತ್ತೆ, ಅತ್ತು ಅಗೆದೆ. ಎರಡು ಮೊಳ ಹೋಗುವಾಗ ಅಂಗೈಯಲ್ಲಿ ಗುಳ್ಳೆ ಎದ್ದವು. ಬಂತು ಮಣ್ಣು. ಕರ್ರಗೆ, ಬಿರುಸು, ಸುಣ್ಣದ ಹರಳು ತುಂಬಿದ್ದು. ಮೂಸಿ ನೋಡಿದೆ. ಯಾವ ವಾಸನೆಯೂ ಇರಲಿಲ್ಲ.

ದಾಜಿಯ ಮನೆಯಲ್ಲಿ ಗೋಡೆಗೆ ಬಳಿಯಲು ನೆನೆಹಾಕಿದ ಸುಣ್ಣವಿತ್ತು. ಅಳತೆಯಂತೆ ಬೆರೆಸಿ, ನಾದಿ, ಲಾಡುವಿನಷ್ಟು ದೊಡ್ಡ ಉಂಡೆ ಕಟ್ಟಿದೆ. ಒದ್ದೆ ಬಟ್ಟೆ ಸುತ್ತಿ ನೀರಿನ ಗಡಿಗೆಯ ಬದಿಗಿಟ್ಟೆ. ರಜೆ ಮೂರು ವಾರ ಉಳಿದಿತ್ತು, ಎರಡು ವಾರ ಕಾದೆ. ಆಮೇಲೆ ಒಂದು ತಂಬಿಗೆ ನೀರಿನಲ್ಲಿ ಮುಳುಗಿಸಿ, ಪಡಸಾಲೆಯಲ್ಲಿಟ್ಟು, ಎದುರು ಕೂತೆ. ಕರಗಲಿ ಎಂದು ಆ ದಿನ ದೇವರಲ್ಲಿ ಬೇಡಿಕೊಂಡೆ. ಕರಗಿದರೆ ವರದಿ ಸರಿ, ಹಳ್ಳವೇ ದರಿದ್ರ, ನಾನು ಹೇಗೋ ಬದುಕಬಹುದು.

ಕರಗಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಎದ್ದು ನೀರು ಬಸಿದೆ. ಉಂಡೆಯ ಮೇಲೆ ನನ್ನ ಬೆರಳಿನ ಗುರುತು ಕೂಡ ಹಾಗೇ ಇತ್ತು.

ದಾಜಿ ಬಂದು ಹಿಂದೆ ನಿಂತಿದ್ದ. "ಏನದು?"

"ಹಳ್ಳದ ಮಣ್ಣು ದಾಜಿ. ಸುಣ್ಣ ಕೂಡಸೀನಿ."

ಕೈಗೆ ತೆಗೆದುಕೊಂಡು ಒತ್ತಿ ನೋಡಿದ, ಉಗುರಿನಿಂದ ಕೆರೆದ. "ಇದು ಕಲ್ಲಾಗ್ಯದಲ್ಲೋ. ಮತ್ತ ಅಲ್ಲಿ ಯಾಕ ಆಗಲಿಲ್ಲ?"

"ಅಲ್ಲಿ ನಾ ನೆಟ್ಟಗ ಮಾಡಲಿಲ್ರಿ. ಕೇಳಬೇಕಾದವ್ರನ್ನ ಕೇಳಲಿಲ್ಲ. ನಂದೇ ತಪ್ಪು."

ಅವನು ನನ್ನ ಮುಖವನ್ನೇ ನೋಡಿದ. ಬಾವಿಯ ಕಡೆ ಒಮ್ಮೆ ನೋಡಿದ. ಅವನಿಗೆ ತಿಳಿಯಿತೋ ಇಲ್ಲವೋ ನಾನು ಕೇಳಲಿಲ್ಲ. ಈ ಸಲ ಕೇಳದೆ ಇರುವುದೇ ಸರಿ ಎನಿಸಿತು. "ಇರ್ಲಿ," ಎಂದ. ಉಂಡೆಯನ್ನು ಧೋತರದ ಅಂಚಿನಿಂದ ಒರೆಸಿ, ಹೊಲದ ಕಡೆ ನಡೆದ. ಅಕ್ಕನನ್ನು ಹೊಲದಲ್ಲೇ ಹೂಳಿದ್ದರು. ಸಮಾಧಿಯ ತಲೆಯ ಬದಿಗೆ, ದೀಪ ಇಡುವ ಗೂಡಿನ ಪಕ್ಕದಲ್ಲಿ ಅದನ್ನಿಟ್ಟು ಬಂದ.

ಉದಗೀರ

ರಜೆ ಮುಗಿದು ಉದಗೀರಕ್ಕೆ ವರ್ಗವಾಗಿ ಬಂದೆ. ಹೊಸ ಕಚೇರಿಗೆ ಬರೆದೆ: ನನ್ನ ವರದಿ ತಪ್ಪು, ಮಣ್ಣಿನ ನಮೂನೆ ತಪ್ಪು, ಇನ್ನೊಮ್ಮೆ ಪರೀಕ್ಷಿಸಿ. ಮೂರು ಸಲ ಬರೆದೆ. ವಿಶ್ವವಿದ್ಯಾಲಯದ ಮುದ್ರೆಯಿದ್ದ ವರದಿಯನ್ನು ಬರೆದವನೇ ತಪ್ಪೆಂದರೂ ಯಾರೂ ಒಪ್ಪಲಿಲ್ಲ. ಮೈಲಿ ಮುಗಿದಿದೆ, ಕಡತ ಮುಚ್ಚಿದೆ ಎಂದು ಮರಾಠಿಯಲ್ಲಿ ಒಂದು ಸಾಲಿನ ಉತ್ತರ ಬಂತು. ಪ್ರೊಫೆಸರಿಗೂ ಬರೆದು ಕ್ಷಮೆ ಕೇಳಿದೆ. ಅವರು ಬರೆದರು: ಅಂದು ನಾನು ಇನ್ನೊಮ್ಮೆ ಕೇಳಬೇಕಿತ್ತು.

ಪರದೇಶದಿಂದ ಏನು ಕಲಿತು ಬಂದಿರಿ ಎಂದು ಇಲ್ಲಿ ಕಿರಿಯ ಎಂಜಿನಿಯರುಗಳು ಕೇಳುತ್ತಾರೆ. ಮಣ್ಣನ್ನು ನೀವೇ ಅಗೆಯಿರಿ, ಎನ್ನುತ್ತೇನೆ. ಇಷ್ಟೇನಾ ಎಂಬಂತೆ ನೋಡುತ್ತಾರೆ.

ಮಳೆಗಾಲ ಕಳೆದ ಮೇಲೆ ದಾಜಿಯ ಕಾಗದ ಬಂತು. ಬೆಳೆಯ ಸುದ್ದಿ, ಎತ್ತಿನ ಸುದ್ದಿ, ಮಳೆ ಈ ಸಲ ಜೋರು ಎಂಬ ಸುದ್ದಿ. ಕೊನೆಗೆ ಎರಡು ಸಾಲು:

"ನಿಮ್ಮಕ್ಕನ ಹಂತ್ಯಾಕ ಇಟ್ಟ ಉಂಡಿ ಮಳಿಗಿ ಕರಗಿಲ್ಲ. ಹಳ್ಳದಾಗ ಮೊನ್ನೆ ಮತ್ತ ಒಂದು ಗಾಡಿ ಹೂತಿತ್ತು."